ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ: ಎಸಿ ಕಂಪ್ರೆಸರ್ ಕುರಿತು ಓದುಗರ ಪ್ರಶ್ನೆಗಳು

ಈ ಸಲ ಬಂದ ಪ್ರಶ್ನೆಗಳೆಲ್ಲ ಒಂದೇ ದೂರಿನ ಸುತ್ತ ಇವೆ: ಒಳಗೆ ಗಾಳಿ ಬರುತ್ತದೆ, ತಂಪಿಲ್ಲ, ಹೊರಗೆ ಕಂಪ್ರೆಸರ್ ಏಳುತ್ತಿಲ್ಲ. ಇಂಥ ಹೊತ್ತಿನಲ್ಲಿ "ಕಂಪ್ರೆಸರ್ ಹೋಗಿದೆ" ಎಂಬ ತೀರ್ಪು ತುಂಬಾ ಬೇಗ ಬಂದುಬಿಡುತ್ತದೆ. ಮೀಟರ್ ಹಿಡಿಯದೆ ಕೊಟ್ಟ ಆ ತೀರ್ಪನ್ನು ಯಾರೂ ಒಪ್ಪಿಕೊಳ್ಳಬಾರದು. ಕಂಪ್ರೆಸರ್‌ಗೆ ಕರೆಂಟ್ ಮುಟ್ಟುವ ದಾರಿಯಲ್ಲಿ ಹತ್ತು ಕಡೆ ತೊಡಕಾಗಬಹುದು. ಅವೆಲ್ಲ ಸರಿಯಿದ್ದ ಮೇಲಷ್ಟೇ ಕಂಪ್ರೆಸರ್ ಮೇಲೆ ಬೆರಳು ತೋರಿಸಬೇಕು.

ಮೊದಲು ಜೀವದ ಮಾತು. ಹೊರಗಿನ ಯೂನಿಟ್ ಬಿಚ್ಚುವ ಮುನ್ನ ರಿಮೋಟ್‌ನಲ್ಲಿ ಆಫ್ ಮಾಡಿದರೆ ಸಾಲದು, ಬೋರ್ಡಿನ ಎಂಸಿಬಿಯನ್ನೇ (ಹೆಚ್ಚು ಕರೆಂಟ್ ಹರಿದರೆ ತಾನೇ ಬೀಳುವ ಸ್ವಿಚ್) ಇಳಿಸಿ, ಟರ್ಮಿನಲ್ ಪಟ್ಟಿಯಲ್ಲಿ ಸೊನ್ನೆ ವೋಲ್ಟ್ ಇದೆಯೆಂದು ಮೀಟರ್‌ನಲ್ಲಿ ನೋಡಿಕೊಳ್ಳಿ. ಕರೆಂಟ್ ತೆಗೆದ ಮೇಲೂ ಕೆಪಾಸಿಟರ್ ಚಾರ್ಜ್ ಹಿಡಿದಿಟ್ಟುಕೊಂಡಿರುತ್ತದೆ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸುವ ಅಭ್ಯಾಸ ಬೇಡ. 20 ಕಿಲೋ ಓಮ್, 5 ವ್ಯಾಟ್‌ನ ರೆಸಿಸ್ಟರನ್ನು ಇನ್ಸುಲೇಟೆಡ್ ಕ್ಲಿಪ್‌ಗಳಿಂದ ಅದರ ಎರಡು ತುದಿಗಳ ನಡುವೆ ಐದಾರು ಸೆಕೆಂಡ್ ಹಿಡಿದರೆ ಚಾರ್ಜ್ ಇಳಿಯುತ್ತದೆ. ಇಳಿದದ್ದನ್ನು ಮೀಟರ್‌ನಲ್ಲಿ ಖಚಿತಪಡಿಸಿಕೊಂಡೇ ಮುಟ್ಟಿ. ಈ ಕೆಲಸದ ಅಭ್ಯಾಸವಿಲ್ಲದವರು ಕೆಳಗಿನ ಉತ್ತರಗಳನ್ನು ಮೆಕ್ಯಾನಿಕ್‌ಗೆ ಏನು ಕೇಳಬೇಕು ಎಂದು ತಿಳಿಯಲು ಓದಿಕೊಳ್ಳಿ, ಬಿಚ್ಚಲು ಹೋಗಬೇಡಿ.

ಪ್ರಶ್ನೆ: ನಮ್ಮದು 1.5 ಟನ್ನಿನ ಮಾಮೂಲಿ ಸ್ಪ್ಲಿಟ್ ಎಸಿ, ಇನ್ವರ್ಟರ್ ಅಲ್ಲ. ಆನ್ ಮಾಡಿದರೆ ಹೊರಗಿನ ಫ್ಯಾನ್ ತಿರುಗುತ್ತದೆ, ಕಂಪ್ರೆಸರ್ ಏಳೆಂಟು ಸೆಕೆಂಡ್ ಗುಂಯ್ ಎಂದು ಟಕ್ ಶಬ್ದದೊಂದಿಗೆ ನಿಲ್ಲುತ್ತದೆ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಕಥೆ. ನೋಡಲು ಬಂದವರು ಕಂಪ್ರೆಸರ್ ಜಾಮ್ ಆಗಿದೆ, ಬದಲಿಸಬೇಕು ಅಂದರು. ನಿಜವೇ?

ಉತ್ತರ: ಇರಬಹುದು, ಆದರೆ ಅನುಮಾನದ ಪಟ್ಟಿಯಲ್ಲಿ ಅದು ಕೊನೆಯದು. ಗುಂಯ್ ಎನ್ನುತ್ತಿದೆ ಎಂದರೆ ಕರೆಂಟ್ ಕಂಪ್ರೆಸರ್‌ವರೆಗೆ ಬಂದಿದೆ, ವೈಂಡಿಂಗ್‌ನಲ್ಲಿ ಹರಿಯುತ್ತಲೂ ಇದೆ, ರೋಟರ್ ಮಾತ್ರ ಕದಲುತ್ತಿಲ್ಲ. ನಿಂತ ಮೋಟರ್ ಓಡುವ ಮೋಟರ್‌ಗಿಂತ ಐದಾರು ಪಟ್ಟು ಹೆಚ್ಚು ಕರೆಂಟ್ ಎಳೆಯುತ್ತದೆ. 1.5 ಟನ್ನಿನದು ಓಡುವಾಗ 7ರಿಂದ 8 ಆಂಪಿಯರ್ ಎಳೆದರೆ ಹೀಗೆ ನಿಂತಾಗ 35–40ಕ್ಕೆ ಹೋಗುತ್ತದೆ. ಆ ಬಿಸಿಗೆ, ಮೋಟರಿನ ಕಾವಲು ಸ್ವಿಚ್ಚಾದ ಓವರ್‌ಲೋಡ್‌ನ ಲೋಹದ ತಟ್ಟೆ ಬಾಗಿ ಸಂಪರ್ಕ ಕಡಿಯುತ್ತದೆ. ನೀವು ಕೇಳುವ ಟಕ್ ಅದೇ.

ಮೊದಲ ಅನುಮಾನ ರನ್ ಕೆಪಾಸಿಟರ್. ಸಿಂಗಲ್ ಫೇಸ್ ಕರೆಂಟ್ ತಾನಾಗಿ ರೋಟರನ್ನು ಸುತ್ತಿಸಲಾರದು. ಸ್ಟಾರ್ಟ್ ವೈಂಡಿಂಗ್‌ನ ಕರೆಂಟನ್ನು ಕೆಪಾಸಿಟರ್ ಸ್ವಲ್ಪ ಮುಂದಕ್ಕೆ ತಳ್ಳುವುದರಿಂದಲೇ ಕಾಂತಕ್ಷೇತ್ರ ಸುತ್ತತೊಡಗುತ್ತದೆ. ಇದರೊಳಗಿನ ಫಿಲ್ಮ್‌ನಲ್ಲಿ ಎಲ್ಲಾದರೂ ತೂತು ಬಿದ್ದರೆ ಆ ಜಾಗದ ಲೋಹದ ಲೇಪ ಆವಿಯಾಗಿ ತೂತು ತಾನೇ ಮುಚ್ಚಿಕೊಳ್ಳುತ್ತದೆ. ಒಳ್ಳೆಯ ಗುಣವೇ. ಆದರೆ ಪ್ರತಿ ಸಲವೂ ಒಂದಿಷ್ಟು ಸಾಮರ್ಥ್ಯ ಕಳೆಯುತ್ತದೆ. ಹೀಗಾಗಿ ಕೆಪಾಸಿಟರ್ ಒಮ್ಮೆಲೇ ಸಾಯುವುದಕ್ಕಿಂತ ಹೆಚ್ಚಾಗಿ ಸವೆಯುತ್ತಾ ಹೋಗುತ್ತದೆ. ಡಬ್ಬಿಯ ಮೇಲ್ಭಾಗವನ್ನು ಕಣ್ಣಿನ ಮಟ್ಟಕ್ಕೆ ತಂದು ಅಡ್ಡದಿಂದ ನೋಡಿ. ಸಪಾಟಾಗಿರಬೇಕಾದ ಮುಚ್ಚಳ ಪೂರಿಯಂತೆ ಉಬ್ಬಿದ್ದರೆ, ಅಂಚಿನಲ್ಲಿ ಎಣ್ಣೆಯ ಜಿಡ್ಡಿದ್ದರೆ ಅಳೆಯುವುದೂ ಬೇಡ, ಬದಲಿಸಿ. ಆದರೆ ಉಬ್ಬಿಲ್ಲ ಎಂದ ಮಾತ್ರಕ್ಕೆ ಸರಿಯಿದೆ ಎಂದಲ್ಲ.

ವೈರ್‌ಗಳ ಜಾಗದ ಫೋಟೊ ತೆಗೆದುಕೊಂಡು, ಅವುಗಳನ್ನು ಬಿಡಿಸಿ, ಮೀಟರನ್ನು ಕೆಪಾಸಿಟೆನ್ಸ್‌ಗೆ ಇಟ್ಟು ಅಳೆಯಿರಿ. ಮೇಲೆ 36 ಮೈಕ್ರೊಫ್ಯಾರಡ್, ಶೇ 5 ಹೆಚ್ಚು ಕಡಿಮೆ ಎಂದಿದ್ದರೆ 34.2ರಿಂದ 37.8ರೊಳಗೆ ಬರಬೇಕು. 30 ಬಂದರೆ "ಇನ್ನೂ ಇದೆಯಲ್ಲ" ಎನ್ನಬೇಡಿ, ಅದು ಹೋದಂತೆಯೇ. ಮೂರು ಟರ್ಮಿನಲ್‌ನ ಜೋಡಿ ಕೆಪಾಸಿಟರ್ ಆದರೆ 'ಸಿ'ಯಿಂದ 'ಹರ್ಮ್'ಗೆ ಕಂಪ್ರೆಸರಿನ ಭಾಗ, 'ಸಿ'ಯಿಂದ 'ಫ್ಯಾನ್'ಗೆ ಫ್ಯಾನಿನ ಭಾಗ. ಇಲ್ಲಿ ಅನುಭವಸ್ಥರೂ ಎಡವುತ್ತಾರೆ: ಕೆಪಾಸಿಟರ್ ಮೇಲಿನ 'ಸಿ'ಗೂ ಕಂಪ್ರೆಸರ್ ಮೇಲಿನ 'ಸಿ'ಗೂ ಸಂಬಂಧವಿಲ್ಲ. ಕೆಪಾಸಿಟರಿನ 'ಸಿ' ಹೋಗಿ ಸೇರುವುದು ಕಂಪ್ರೆಸರಿನ ರನ್ ಟರ್ಮಿನಲ್ ಇರುವ ಲೈನಿಗೆ. 'ಹರ್ಮ್' ಸೇರುವುದು ಸ್ಟಾರ್ಟ್ ಟರ್ಮಿನಲ್‌ಗೆ.

ಕಂಪ್ರೆಸರ್ ಓಡುತ್ತಿರುವಾಗಲೇ ಕೆಪಾಸಿಟರ್ ಅಳೆಯುವ ದಾರಿಯೂ ಇದೆ. ಕ್ಲಾಂಪ್ ಮೀಟರನ್ನು 'ಹರ್ಮ್' ವೈರಿಗೆ ಹಾಕಿ ಆಂಪಿಯರ್ ನೋಡಿ, ಅದನ್ನು 3183ರಿಂದ ಗುಣಿಸಿ, ಕೆಪಾಸಿಟರ್ ತುದಿಗಳ ನಡುವಿನ ವೋಲ್ಟೇಜಿನಿಂದ ಭಾಗಿಸಿ. ಉತ್ತರ ಮೈಕ್ರೊಫ್ಯಾರಡ್‌ನಲ್ಲಿ ಬರುತ್ತದೆ. 380 ವೋಲ್ಟ್, 4.3 ಆಂಪಿಯರ್ ಇದ್ದರೆ 36. ಇದು 50 ಹರ್ಟ್ಸ್‌ಗೆ. 60 ಹರ್ಟ್ಸ್ ಇರುವಲ್ಲಿ 2652 ಹಿಡಿಯಬೇಕು. ಮನೆಯಲ್ಲಿ 230 ವೋಲ್ಟ್ ಇರುವಾಗ ಕೆಪಾಸಿಟರ್‌ನಲ್ಲಿ 380 ಎಲ್ಲಿಂದ ಎಂದು ಗಾಬರಿಯಾಗಬೇಡಿ. ತಿರುಗುವ ಮೋಟರ್ ಸ್ಟಾರ್ಟ್ ವೈಂಡಿಂಗ್‌ನಲ್ಲಿ ತಾನೇ ವೋಲ್ಟೇಜ್ ಹುಟ್ಟಿಸುತ್ತದೆ, ಅದಕ್ಕೆಂದೇ ಕೆಪಾಸಿಟರ್ ಮೇಲೆ 440 ವೋಲ್ಟ್ ಎಂದು ಬರೆದಿರುವುದು. ಹೊಸದು ಹಾಕುವಾಗ ಮೈಕ್ರೊಫ್ಯಾರಡ್ ಅಷ್ಟೇ ಇರಲಿ, ವೋಲ್ಟ್ ಹಳೆಯದಕ್ಕಿಂತ ಕಡಿಮೆ ಇರಬಾರದು. "ಜೋರಾಗಿ ಎತ್ತಲಿ" ಎಂದು 36ರ ಜಾಗಕ್ಕೆ 60 ಹಾಕಿದರೆ ಸ್ಟಾರ್ಟ್ ವೈಂಡಿಂಗ್ ಬೇಯುತ್ತದೆ.

ಹೊಸ ಕೆಪಾಸಿಟರ್ ಹಾಕಿದರೂ ಗುಂಯ್ ಎಂದರೆ ಮೂರು ವಿಷಯ ನೋಡಿ. ಸ್ಟಾರ್ಟ್ ಆಗುವ ಕ್ಷಣದಲ್ಲಿ ಹೊರಗಿನ ಟರ್ಮಿನಲ್ ಪಟ್ಟಿಯಲ್ಲಿ ವೋಲ್ಟೇಜ್ ಎಷ್ಟಕ್ಕೆ ಇಳಿಯುತ್ತದೆ? ನಿಲ್ಲಿಸಿ ಮತ್ತೆ ಹಚ್ಚುವ ನಡುವೆ ಐದು ನಿಮಿಷ ಕಳೆದಿದೆಯೇ? ವೈಂಡಿಂಗ್ ಲೆಕ್ಕ ಸರಿಯಾಗಿದೆಯೇ? ವೈಂಡಿಂಗ್ ಅಳೆಯಲು ಕಂಪ್ರೆಸರಿನ ಮೂರೂ ವೈರ್ ತೆಗೆದು, ಮೀಟರಿನ ಎರಡು ಕಡ್ಡಿ ಒಂದಕ್ಕೊಂದು ತಾಗಿಸಿದಾಗ ಬರುವ 0.2 ಅಥವಾ 0.3 ಓಮ್ಸನ್ನು ಎಲ್ಲ ಅಳತೆಯಿಂದ ಕಳೆಯಿರಿ. ಸಿ ಅಂದರೆ ಕಾಮನ್, ಆರ್ ರನ್, ಎಸ್ ಸ್ಟಾರ್ಟ್. ಸಿ–ಆರ್ ಎಲ್ಲಕ್ಕಿಂತ ಕಡಿಮೆ, ಸಿ–ಎಸ್ ಅದಕ್ಕಿಂತ ಹೆಚ್ಚು, ಎಸ್–ಆರ್ ಆ ಎರಡರ ಮೊತ್ತ. ಉದಾಹರಣೆಗೆ 2.1, 3.6, 5.7. ಅಂಕಿಗಳು ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ, ಮೊತ್ತದ ನಿಯಮ ಮಾತ್ರ ಬೇರೆಯಾಗದು. ಇಷ್ಟೆಲ್ಲ ಸರಿಯಿದ್ದು, ವೋಲ್ಟೇಜ್ ಕುಸಿಯದೆ, ಕ್ಲಾಂಪ್ ಮೀಟರ್ ಆರಂಭದಿಂದ ಟಕ್ ಎನ್ನುವವರೆಗೂ 35–40 ಆಂಪಿಯರ್‌ನಲ್ಲೇ ನಿಂತರೆ ಆಗ ಜಾಮ್ ಎಂದು ಒಪ್ಪಿಕೊಳ್ಳಬಹುದು. ಬಂದವರು ಇದರಲ್ಲಿ ಯಾವುದನ್ನು ಅಳೆದರು ಎಂದು ಕೇಳಿ.

ಪ್ರಶ್ನೆ: ನಮ್ಮಲ್ಲಿ ಗುಂಯ್ ಶಬ್ದವೂ ಇಲ್ಲ. ಹೊರಗಿನ ಫ್ಯಾನ್ ಓಡುತ್ತಿದೆ, ಕಂಪ್ರೆಸರ್ ಪೂರ್ತಿ ಮೌನ. ಮೈ ಮುಟ್ಟಲಾಗದಷ್ಟು ಬಿಸಿ ಇದೆ.

ಉತ್ತರ: ಓವರ್‌ಲೋಡ್ ತೆರೆದುಕೊಂಡಿದೆ. ಕೆಲವು ಕಂಪ್ರೆಸರ್‌ಗಳಲ್ಲಿ ಅದು ಟರ್ಮಿನಲ್ ಮುಚ್ಚಳದಡಿ ಬಿಲ್ಲೆಯಂತೆ ಕೂತಿರುತ್ತದೆ, ಕೆಲವದರಲ್ಲಿ ವೈಂಡಿಂಗ್ ಜೊತೆ ಒಳಗೇ ಹೂತಿರುತ್ತದೆ. ಒಳಗಿನದ್ದಾದರೆ ಅಳತೆ ಹೀಗೆ ಬರುತ್ತದೆ: ಸಿ–ಆರ್ ಓಪನ್, ಸಿ–ಎಸ್ ಓಪನ್, ಎಸ್–ಆರ್ ಮಾತ್ರ ಸರಿಯಾದ ಅಂಕಿ. ಇದನ್ನು ಕಂಡು "ವೈಂಡಿಂಗ್ ಕಟ್" ಎಂದು ಎಷ್ಟೋ ಒಳ್ಳೆಯ ಕಂಪ್ರೆಸರ್‌ಗಳನ್ನು ಗುಜರಿಗೆ ಕಳಿಸುತ್ತಾರೆ. ಕಂಪ್ರೆಸರಿನ ದಪ್ಪ ಉಕ್ಕಿನ ಮೈ ಆರಲು ಎರಡು ಮೂರು ಗಂಟೆ ಬೇಕು. ಅವಸರವಿದ್ದರೆ ಎಂಸಿಬಿ ಇಳಿಸಿ, ಟರ್ಮಿನಲ್ ಮುಚ್ಚಳ ಭದ್ರವಾಗಿದೆಯೆಂದು ನೋಡಿ, ಮೈಯ ಮೇಲೆ ನಿಧಾನವಾಗಿ ನೀರು ಹರಿಸಬಹುದು. ವೈರ್ ಇರುವ ಕಡೆಗೆ ಹನಿಯೂ ಬೀಳಬಾರದು. ಕೈಗೆ ತಣ್ಣಗೆ ಹತ್ತಿದ ಮೇಲೆ ಮತ್ತೆ ಅಳೆಯಿರಿ. ಆಗಲೂ ಓಪನ್ ಇದ್ದರೆ ಓವರ್‌ಲೋಡ್ ಅಥವಾ ವೈಂಡಿಂಗ್ ಕಡಿದಿದೆ. ಓವರ್‌ಲೋಡ್ ಹೊರಗಿನದ್ದಾದರೆ ಅದೊಂದನ್ನೇ ಬದಲಿಸಿದರೆ ಸಾಕು.

ಆರಿದ ಮೇಲೆ ಸ್ಟಾರ್ಟ್ ಆಯಿತೆಂದು ಅಲ್ಲಿಗೇ ಬಿಡಬೇಡಿ. ಏಕೆ ಬಿಸಿಯಾಯಿತು? ಕಂಡೆನ್ಸರ್ ಜಾಲರಿಯಲ್ಲಿ ಧೂಳು ಕಂಬಳಿಯಂತೆ ಹೊದ್ದಿರಬಹುದು. ಫ್ಯಾನ್ ಓಡುತ್ತಿದ್ದರೂ ಅದರ ಕೆಪಾಸಿಟರ್ ಸವೆದು ನಿಧಾನವಾಗಿ ಓಡುತ್ತಿರಬಹುದು. ಗ್ಯಾಸ್ ಸೋರಿರಬಹುದು: ಕಂಪ್ರೆಸರ್ ಮೂಲಕ ಹಾಯುವ ಗ್ಯಾಸೇ ಅದರ ಮೋಟರಿನ ಬಿಸಿಯನ್ನು ಹೊತ್ತೊಯ್ಯುವುದು, ಗ್ಯಾಸ್ ಕಡಿಮೆಯಾದರೆ ಕರೆಂಟ್ ಕಡಿಮೆ ಎಳೆದರೂ ಮೋಟರ್ ಬಿಸಿಯೇರುತ್ತದೆ. ಪೈಪ್ ಜೋಡಣೆಗಳ ಬಳಿ ಎಣ್ಣೆಯ ಕಲೆ ಹುಡುಕಿ; ಗ್ಯಾಸ್ ಸೋರಿದಲ್ಲಿ ಎಣ್ಣೆಯೂ ಹೊರಬರುತ್ತದೆ.

ಕಂಪ್ರೆಸರ್ ತಣ್ಣಗಿದ್ದೂ ಮೌನವಾಗಿದ್ದರೆ ಟರ್ಮಿನಲ್ ಮುಚ್ಚಳ ತೆಗೆದು, ಕರೆಂಟ್ ಇಲ್ಲದಾಗ, ವೈರ್ ತುದಿಯ ಲೋಹದ ಲಗ್‌ಗಳನ್ನು ಒಂದೊಂದಾಗಿ ನೋಡಿ. ಸಡಿಲವಾದ ಲಗ್ ತನ್ನ ಗುರುತು ಬಿಟ್ಟಿರುತ್ತದೆ: ಹಿತ್ತಾಳೆಯ ಹೊಳಪು ಹೋಗಿ ನೇರಳೆ, ಕಪ್ಪು ಬಣ್ಣ; ವೈರಿನ ತೊಗಟೆ ಒಂದು ಇಂಚಿನಷ್ಟು ಗರಿಗರಿಯಾಗಿ, ಬಾಗಿಸಿದರೆ ಸಿಡಿದು ಉದುರುತ್ತದೆ. ಅದನ್ನು ಇಕ್ಕಳದಿಂದ ಒತ್ತಿ ಬಿಗಿ ಮಾಡಿದರೆ ವಾರ ಬಾಳುವುದಿಲ್ಲ. ಸುಟ್ಟ ಭಾಗ ಕತ್ತರಿಸಿ, ತಾಮ್ರ ಹೊಳೆಯುವಲ್ಲಿಂದ ಹೊಸ ಲಗ್ ಕ್ರಿಂಪ್ ಮಾಡಿ, ಪಿನ್ ಮೇಲಿನ ಮಸಿಯನ್ನು ಹಗುರವಾಗಿ ಉಜ್ಜಿ. ಮುಚ್ಚಳ ತೆರೆದಿಟ್ಟು ಮಾತ್ರ ಕರೆಂಟ್ ಕೊಡಬೇಡಿ. ದುರ್ಬಲಗೊಂಡ ಪಿನ್ ಒಳಗಿನ ಒತ್ತಡಕ್ಕೆ ಸಿಡಿದು ಬಂದರೆ ಅದರ ಹಿಂದೆಯೇ ಎಣ್ಣೆಯೂ ಗ್ಯಾಸೂ ಚಿಮ್ಮಿ ಬೆಂಕಿ ಹತ್ತಬಹುದು. ಆರ್-32 ಸ್ವಲ್ಪ ಮಟ್ಟಿಗೆ ಉರಿಯುವ ಗ್ಯಾಸ್, ಆರ್-290 ಅಂದರೆ ಪ್ರೊಪೇನ್, ಅಡುಗೆ ಅನಿಲದ ಬಂಧುವೇ.

ಪ್ರಶ್ನೆ: ಹೊರಗಿನ ಫ್ಯಾನೂ ಇಲ್ಲ, ಕಂಪ್ರೆಸರೂ ಇಲ್ಲ. ಒಳಗಿನದು ಚೆನ್ನಾಗಿ ಓಡುತ್ತಿದೆ.

ಉತ್ತರ: ಹಾಗಾದರೆ ಹೊರಗಿನ ಯೂನಿಟ್‌ಗೆ ಆಜ್ಞೆಯೇ ಹೋಗುತ್ತಿಲ್ಲ. ರಿಮೋಟ್ 'ಕೂಲ್'ನಲ್ಲಿದೆಯೇ, ಇಟ್ಟ ತಾಪಮಾನ ಕೋಣೆಯದ್ದಕ್ಕಿಂತ ಕಡಿಮೆಯಿದೆಯೇ ನೋಡಿ. 'ಫ್ಯಾನ್' ಮೋಡ್‌ನಲ್ಲಿಟ್ಟು ರಿಪೇರಿಗೆ ಕರೆಸುವವರು ಕಡಿಮೆಯಿಲ್ಲ. ಆಮೇಲೆ ಆನ್ ಮಾಡಿ ಮೂರರಿಂದ ಐದು ನಿಮಿಷ ಕಾಯಿರಿ. ಮಾಮೂಲಿ ಸ್ಪ್ಲಿಟ್‌ನಲ್ಲಿ ಒಳಗಿನ ಪಿಸಿಬಿಯ (ಸರ್ಕ್ಯೂಟ್ ಬೋರ್ಡಿನ) ರಿಲೇ ಟಿಕ್ ಎನ್ನಬೇಕು. ಟಿಕ್ ಎಂದೂ ಹೊರಗೆ 230 ವೋಲ್ಟ್ ಬರದಿದ್ದರೆ ರಿಲೇಯ ಪಾಯಿಂಟ್ ಸುಟ್ಟಿದೆ ಅಥವಾ ನಡುವಿನ ಕೇಬಲ್ ಕಡಿದಿದೆ. ಪ್ರತ್ಯೇಕ ಕಾಂಟ್ಯಾಕ್ಟರ್ (ದೊಡ್ಡ ರಿಲೇ) ಇರುವ ಯೂನಿಟ್ ಆದರೆ ಪಾಯಿಂಟ್‌ಗಳ ನಡುವೆ ಇರುವೆ ಸಿಕ್ಕಿ ಸತ್ತಿದೆಯೇ ನೋಡಿ. ಇದು ತಮಾಷೆಯಲ್ಲ, ಸಾಮಾನ್ಯ ಕಾರಣ.

ಟಿಕ್ ಎನ್ನದೇ ಇದ್ದರೆ ಸೆನ್ಸರ್‌ಗಳ ಕಡೆ ತಿರುಗಿ. ಒಳಗೆ ಎರಡಿರುತ್ತವೆ: ಕೋಣೆಯ ಗಾಳಿಗೊಂದು, ಕಾಯಿಲ್‌ಗೊಂದು. ಕಾಯಿಲ್ ಸೆನ್ಸರ್ ಕೆಟ್ಟು ತಪ್ಪು ಹೇಳಿದರೆ ಪಿಸಿಬಿ ಮಂಜುಗಟ್ಟಿದೆ ಎಂದುಕೊಂಡು ಕಂಪ್ರೆಸರನ್ನು ಬಿಡುವುದೇ ಇಲ್ಲ. ಬಿಡಿಸಿ ಅಳೆಯಿರಿ. 25 ಡಿಗ್ರಿಯಲ್ಲಿ 10 ಕಿಲೋ ಓಮ್‌ನದ್ದಾದರೆ ಐಸ್ ಕರಗುವ ನೀರಿನಲ್ಲಿ ಅದ್ದಿದಾಗ ಸುಮಾರು ಮೂರು ಪಟ್ಟಿಗೆ ಏರಬೇಕು. ಏರದಿದ್ದರೆ, ಅಥವಾ ಏರುತ್ತಾ ನಡುವೆ ಜಿಗಿದರೆ, ಸೆನ್ಸರ್ ಬದಲಿಸಿ. ಅಷ್ಟೇ ಓಮ್‌ನದ್ದು ಹಾಕಿ, 5 ಕಿಲೋ ಇದ್ದಲ್ಲಿ 10 ಕಿಲೋ ಅಲ್ಲ.

ಪ್ರಶ್ನೆ: ಕರೆಂಟ್ ಹೋಗಿ ಕ್ಷಣದಲ್ಲೇ ಬಂದರೆ ಕಂಪ್ರೆಸರ್ ಗುಂಯ್ ಎಂದು ಟ್ರಿಪ್ ಆಗುತ್ತದೆ, ಉಳಿದಂತೆ ಸರಿಯಾಗಿದೆ.

ಉತ್ತರ: ದೋಷ ಕಂಪ್ರೆಸರಿನದಲ್ಲ. ನಿಂತ ಕೂಡಲೇ ಒಂದು ಕಡೆ ಹೆಚ್ಚು ಒತ್ತಡ, ಇನ್ನೊಂದು ಕಡೆ ಕಡಿಮೆ. ಕ್ಯಾಪಿಲರಿ ಕೊಳವೆಯ ಮೂಲಕ ಅವು ಸಮವಾಗಲು ಮೂರು ನಿಮಿಷವಾದರೂ ಬೇಕು. ಆರ್-22 ಗ್ಯಾಸಿನ ಯಂತ್ರವನ್ನು ಬಹಳ ಹೊತ್ತು ನಿಲ್ಲಿಸಿಟ್ಟು ಗೇಜ್ ಹಾಕಿದರೆ 30 ಡಿಗ್ರಿ ಬಿಸಿಲಿನಲ್ಲಿ ಎರಡೂ ಕಡೆ ಸುಮಾರು 158 ಪಿಎಸ್‌ಐ ಕಾಣುತ್ತದೆ. ಅದೇ ಯಂತ್ರ ಓಡುವಾಗ ಒಂದು ಕಡೆ 65–70, ಇನ್ನೊಂದು ಕಡೆ 250ರ ಆಸುಪಾಸು. ಆ ಅಂತರದ ಎದುರು ರೋಟರಿ ಕಂಪ್ರೆಸರ್ ಏಳಲಾರದು. ಸ್ಟೆಬಿಲೈಜರ್‌ನಲ್ಲಿ ವಿಳಂಬದ ಸ್ವಿಚ್ ಇದ್ದರೆ ದೀರ್ಘ ವಿಳಂಬಕ್ಕೆ ಹಾಕಿ, ಇಲ್ಲದಿದ್ದರೆ ಡಿಲೇ ಟೈಮರ್ ಹಾಕಿಸಿ.

ಪ್ರಶ್ನೆ: ರಾತ್ರಿ ತಡವಾಗಿ ಹಾಕಿದರೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಸಂಜೆ ಮಾತ್ರ ಒದ್ದಾಡುತ್ತದೆ, ಆ ಹೊತ್ತಿಗೆ ದೀಪವೂ ಮಂಕಾಗುತ್ತದೆ. ಮೀಟರ್ 215 ವೋಲ್ಟ್ ತೋರಿಸುತ್ತದೆ. ಅದು ಸಾಲದೇ?

ಉತ್ತರ: 215 ಸಾಕು, ಆದರೆ ನೀವು ಅಳೆದದ್ದು ಕಂಪ್ರೆಸರ್ ನಿಂತಿರುವಾಗ. ಅದು ಏಳಲು ಹವಣಿಸುವ ಆ ಅರ್ಧ ಸೆಕೆಂಡಿನಲ್ಲಿ ಎಷ್ಟಿರುತ್ತದೆ ಎಂಬುದೇ ಮುಖ್ಯ. ಮೀಟರನ್ನು ಕನಿಷ್ಠ ಅಂಕಿ ಹಿಡಿದಿಡುವ ಸೆಟ್ಟಿಂಗ್‌ಗೆ ಹಾಕಿ, ಹೊರಗಿನ ಟರ್ಮಿನಲ್ ಪಟ್ಟಿಯಲ್ಲಿ ಅಳೆಯಿರಿ. 195ಕ್ಕಿಂತ ಕೆಳಗಿಳಿದರೆ ಕಾರಣ ಸಿಕ್ಕಿತು.

ಮೋಟರಿನ ಎತ್ತುವ ಬಲ ವೋಲ್ಟೇಜಿನ ವರ್ಗದಂತೆ ಇಳಿಯುತ್ತದೆ. 230ರ ಬದಲು 190 ಸಿಕ್ಕರೆ ವೋಲ್ಟೇಜ್ ಶೇ 17 ಕಡಿಮೆಯಾಯಿತು ಅಷ್ಟೇ ಅನಿಸಬಹುದು, ಬಲ ಮಾತ್ರ ಶೇ 68ಕ್ಕೆ ಇಳಿದಿರುತ್ತದೆ. ಈ ಕುಸಿತದಲ್ಲಿ ವೈರಿನ ಪಾಲೆಷ್ಟು ಎಂದು ಲೆಕ್ಕ ಹಾಕಬಹುದು. 1.5 ಚದರ ಮಿಲಿಮೀಟರ್ ತಾಮ್ರದ ವೈರಿಗೆ ಕಿಲೋಮೀಟರಿಗೆ 12.1 ಓಮ್. ಬೋರ್ಡಿನಿಂದ ಯೂನಿಟ್‌ವರೆಗೆ 30 ಮೀಟರ್ ಎಂದರೆ ಹೋಗಿ ಬರಲು 60 ಮೀಟರ್, 0.73 ಓಮ್. 38 ಆಂಪಿಯರ್ ಹರಿಯುವಾಗ ಬರಿಯ ವೈರಿನಲ್ಲೇ 28 ವೋಲ್ಟ್ ಕಳೆಯಿತು. ಅದೇ ದೂರಕ್ಕೆ 4 ಚದರ ಮಿಲಿಮೀಟರ್ ಹಾಕಿದರೆ ಕಳೆಯುವುದು 10–11 ವೋಲ್ಟ್. ಎಕ್ಸ್‌ಟೆನ್ಷನ್ ಬೋರ್ಡ್ ಮೂಲಕ ಎಸಿ ಓಡಿಸಬೇಡಿ ಎನ್ನುವುದೂ ಇದಕ್ಕೇ.

ಸ್ಟೆಬಿಲೈಜರ್ ಹಾಕಿದರೆ ಆಗುತ್ತದೆಯೇ ಎಂದರೆ, ಬೀದಿಯ ವೋಲ್ಟೇಜೇ ಕಡಿಮೆಯಿದ್ದರೆ ಆಗುತ್ತದೆ, 1.5 ಟನ್ನಿಗೆ 4 ಕೆವಿಎ ಬೇಕು. ವೈರ್ ಸಣ್ಣದಿದ್ದರೆ ಆಗದು. ಸ್ಟೆಬಿಲೈಜರ್ ವೋಲ್ಟೇಜ್ ಏರಿಸಲು ಹಿಂದಿನ ವೈರಿನಿಂದ ಇನ್ನಷ್ಟು ಕರೆಂಟ್ ಎಳೆಯುತ್ತದೆ, ಕುಸಿತ ಇನ್ನೂ ಹೆಚ್ಚುತ್ತದೆ. ಮೊದಲು ವೈರ್, ಪ್ಲಗ್, ಎಂಸಿಬಿಯ ಸ್ಕ್ರೂಗಳನ್ನು ನೋಡಿ. ಓಡುವಾಗ ಬಿಸಿಯಾಗುವ ಪ್ಲಗ್ ಇದ್ದರೆ ಅಲ್ಲೇ ಇದೆ ಕಳ್ಳ.

ಪ್ರಶ್ನೆ: ಕಂಪ್ರೆಸರ್ ಹಚ್ಚಿದ ಕ್ಷಣಕ್ಕೆ ಎಂಸಿಬಿ ಬೀಳುತ್ತದೆ. ಹೆಚ್ಚಿನ ಆಂಪಿಯರಿನದು ಹಾಕಬಹುದೇ?

ಉತ್ತರ: ಬೇಡ. ಎಂಸಿಬಿ ಕಾಯುವುದು ವೈರನ್ನು. ದೊಡ್ಡದು ಹಾಕಿದರೆ ಗೋಡೆಯೊಳಗಿನ ವೈರ್ ಉರಿಯಬಹುದು. ಬೀಳುವ ಹೊತ್ತನ್ನು ಗಮನಿಸಿ. ಹಚ್ಚಿದ ಕ್ಷಣಕ್ಕೇ ಬಿದ್ದರೆ ಶಾರ್ಟ್. ಐದು ಹತ್ತು ಸೆಕೆಂಡ್ ಗುಂಯ್ ಎಂದ ಮೇಲೆ ಬಿದ್ದರೆ ತಿರುಗದ ಮೋಟರ್, ಅಂದರೆ ಮೊದಲ ಪ್ರಶ್ನೆಯ ಉತ್ತರ. ಎಂಸಿಬಿಯ ಬದಲು ಸೋರಿಕೆ ಹಿಡಿಯುವ ಆರ್‌ಸಿಸಿಬಿ ಬಿದ್ದರೆ ಕರೆಂಟ್ ಯಂತ್ರದ ಮೈಗೆ, ಅರ್ಥಿಂಗ್‌ಗೆ ಸೋರುತ್ತಿದೆ. ಒಂದು ಅಪವಾದವಿದೆ: 'ಬಿ' ವರ್ಗದ ಎಂಸಿಬಿ ತನ್ನ ಅಂಕಿಯ 3ರಿಂದ 5 ಪಟ್ಟಿಗೇ ತಟ್ಟನೆ ಬೀಳುತ್ತದೆ, 'ಸಿ' ವರ್ಗದ್ದು 5ರಿಂದ 10 ಪಟ್ಟು ತಡೆಯುತ್ತದೆ. ಮೋಟರಿಗೆ 'ಸಿ' ಇರಬೇಕು.

ಕಂಪ್ರೆಸರಿನ ಮೂರೂ ವೈರ್ ಬಿಡಿಸಿ, ತುದಿಗಳನ್ನು ಬೇರೆ ಬೇರೆಯಾಗಿ ಟೇಪ್ ಸುತ್ತಿ, ಆನ್ ಮಾಡಿ. ಈಗಲೂ ಬಿದ್ದರೆ ದೋಷ ಕೇಬಲ್‌ನಲ್ಲೋ ಫ್ಯಾನ್ ಮೋಟರಿನಲ್ಲೋ ಇದೆ. ಇಲಿ ಕಡಿದ ಕೇಬಲ್ ಎಂದು ಮೊದಲು ಅನುಮಾನಿಸಿ. ಬೀಳದಿದ್ದರೆ ಕಂಪ್ರೆಸರಿನ ಒಂದೊಂದು ಪಿನ್‌ನಿಂದ ತಾಮ್ರದ ಪೈಪಿಗೆ, ಬಣ್ಣ ಕೆರೆದು, 500 ವೋಲ್ಟ್ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಿಡಿಯಿರಿ. 100 ಮೆಗಾ ಓಮ್ ಮೇಲಿದ್ದರೆ ಆರೋಗ್ಯ. 2ಕ್ಕಿಂತ ಕಡಿಮೆ ಬಂದರೆ ಹಚ್ಚಬೇಡಿ. ಮಾಮೂಲಿ ಮಲ್ಟಿಮೀಟರ್ ಕೆಲವೇ ವೋಲ್ಟ್‌ನಲ್ಲಿ ಅಳೆಯುವುದರಿಂದ ಇಲ್ಲಿ ನಂಬುವ ಹಾಗಿಲ್ಲ. ಅದು ಓಪನ್ ಎಂದು ತೋರಿಸಿದ ವೈಂಡಿಂಗ್ 230 ಬಿದ್ದಾಗ ಸೋರಬಹುದು. ಬಹಳ ದಿನ ತಣ್ಣಗೆ ನಿಂತ ಕಂಪ್ರೆಸರಿನಲ್ಲಿ ದ್ರವ ಗ್ಯಾಸ್ ಎಣ್ಣೆಗೆ ಬೆರೆತು ಅಂಕಿ ತಗ್ಗಿರುತ್ತದೆ, ಅಂಥದ್ದನ್ನು ಬೆಚ್ಚಗಾದ ಮೇಲೆ ಇನ್ನೊಮ್ಮೆ ಅಳೆದು ತೀರ್ಮಾನಿಸಿ.

ಪ್ರಶ್ನೆ: ಇನ್ವರ್ಟರ್ ಎಸಿ. ಹೊರಗಿನ ಫ್ಯಾನ್ ಒಂದೆರಡು ನಿಮಿಷ ತಿರುಗಿ ನಿಂತು ಎರರ್ ಕೋಡ್ ಬರುತ್ತದೆ. ಕಂಪ್ರೆಸರಿಗೆ ನೇರವಾಗಿ 230 ವೋಲ್ಟ್ ಕೊಟ್ಟು ನೋಡಬಹುದೇ?

ಉತ್ತರ: ಖಂಡಿತ ಬೇಡ. ಒಳಗಿರುವುದು ಶಾಶ್ವತ ಕಾಂತದ ರೋಟರ್, ಮೂರು ಫೇಸಿನ ವೈಂಡಿಂಗ್, ಬೇಕಾದಷ್ಟೇ ಕರೆಂಟನ್ನು ಎಣಿಸಿ ಕೊಡುವ ಡ್ರೈವ್. ನೇರ ಕರೆಂಟ್ ಕೊಟ್ಟರೆ ತಿರುಗುವುದಂತೂ ಇಲ್ಲ, ವೈಂಡಿಂಗ್ ಸುಡುತ್ತದೆ, ಕಾಂತ ತನ್ನ ಶಕ್ತಿ ಕಳೆದುಕೊಳ್ಳಬಹುದು. ಕೆಪಾಸಿಟರ್ ಹುಡುಕುವುದೂ ವ್ಯರ್ಥ. ಇದರಲ್ಲಿ ರನ್ ಕೆಪಾಸಿಟರ್ ಇಲ್ಲ.

ಎರರ್ ಕೋಡಿನ ಅರ್ಥ ಕಂಪನಿಯಿಂದ ಕಂಪನಿಗೆ ಬೇರೆ, ಹಾಗಾಗಿ ನಿಮ್ಮ ಮಾಡೆಲ್‌ನ ಕೈಪಿಡಿಯನ್ನೋ ಹೊರಗಿನ ಯೂನಿಟ್ ಮುಚ್ಚಳದ ಒಳಗಿನ ಚೀಟಿಯನ್ನೋ ನೋಡಿ. ಸಂವಹನದ ದೋಷ ಎಂದಿದ್ದರೆ ಒಳಗೂ ಹೊರಗೂ ನಡುವಿನ ಸಿಗ್ನಲ್ ವೈರಿನಲ್ಲಿ ಜೋಡಣೆ ಹಾಕಿದ್ದಾರೆಯೇ, ಲೈನ್ ನ್ಯೂಟ್ರಲ್ ಅದಲು ಬದಲಾಗಿದೆಯೇ ನೋಡಿ. ಸಿಗ್ನಲ್ ಮತ್ತು ನ್ಯೂಟ್ರಲ್ ನಡುವೆ ವೋಲ್ಟೇಜ್ ಏರಿಳಿಯುತ್ತಿರಬೇಕು. ಒಂದೇ ಅಂಕಿಯಲ್ಲಿ ಕಲ್ಲಿನಂತೆ ನಿಂತರೆ ಮಾತುಕತೆ ನಡೆಯುತ್ತಿಲ್ಲ.

ಕಂಪ್ರೆಸರ್ ದೋಷ ಎಂದಿದ್ದರೆ ಯು, ವಿ, ಡಬ್ಲ್ಯು ಪಿನ್‌ಗಳ ನಡುವೆ ಅಳೆಯಿರಿ. ಮೂರೂ ಅಳತೆ ಒಂದೇ ಇರಬೇಕು, ಸಾಮಾನ್ಯವಾಗಿ ಅರ್ಧದಿಂದ ಎರಡೂವರೆ ಓಮ್. ಮೊತ್ತದ ನಿಯಮ ಇಲ್ಲಿಗಲ್ಲ. ಅದು ಸರಿಯಿದ್ದರೆ ಬೋರ್ಡ್. ದೊಡ್ಡ ಕೆಪಾಸಿಟರ್‌ಗಳಲ್ಲಿ ಕರೆಂಟ್ ಇರುವಾಗ 310–325 ವೋಲ್ಟ್ ಡಿಸಿ ಇರುತ್ತದೆ, ಇದು ಕೊಲ್ಲುವಷ್ಟಿದೆ. ನಿಂತಾಗ 320 ಇದ್ದದ್ದು ಸ್ಟಾರ್ಟ್ ಆಗುವ ಹೊತ್ತಿಗೆ 200ಕ್ಕೆ ಕುಸಿದರೆ, ಆರಂಭದ ಕರೆಂಟನ್ನು ಹಿಡಿಯುವ ಪಿಟಿಸಿಯನ್ನು ಪಕ್ಕಕ್ಕೆ ಸರಿಸಬೇಕಾದ ರಿಲೇ ಕೂಡುತ್ತಿಲ್ಲ. ಬೋರ್ಡ್ ಪೂರ್ತಿ ಬದಲಿಸುವ ಮೊದಲು ಅದನ್ನು ನೋಡುವುದು ಒಳ್ಳೆಯದು. ಇನ್ನು ಐಪಿಎಂ ಮಾಡ್ಯೂಲ್, ಅಂದರೆ ಡಿಸಿಯನ್ನು ಕಂಪ್ರೆಸರಿಗೆ ಬೇಕಾದ ಮೂರು ಫೇಸಾಗಿ ಮಾಡುವ ಭಾಗ. ಎಂಸಿಬಿ ಇಳಿಸಿ ಹತ್ತು ನಿಮಿಷ ಬಿಟ್ಟು, ಡಿಸಿ ಇಳಿದಿದೆಯೆಂದು ಅಳೆದು, ಕಂಪ್ರೆಸರ್ ವೈರ್ ತೆಗೆದು, ಮೀಟರನ್ನು ಡಯೋಡ್‌ಗೆ ಹಾಕಿ. ಕೆಂಪು ಕಡ್ಡಿ 'ಎನ್' (ಡಿಸಿಯ ಋಣ ತುದಿ) ಮೇಲೆ, ಕಪ್ಪು ಕಡ್ಡಿ ಯು, ವಿ, ಡಬ್ಲ್ಯು ಮೇಲೆ ಒಂದೊಂದಾಗಿ: 0.3ರಿಂದ 0.6, ಮೂರೂ ಹೆಚ್ಚುಕಡಿಮೆ ಸಮ. ಕಪ್ಪು 'ಪಿ' (ಧನ ತುದಿ) ಮೇಲೆ, ಕೆಂಪು ಆ ಮೂರರ ಮೇಲೆ: ಮತ್ತೆ ಅಷ್ಟೇ. ಎಲ್ಲಾದರೂ ಸೊನ್ನೆ ಬಂದರೆ ಮಾಡ್ಯೂಲ್ ಶಾರ್ಟ್. ಹೊಸದು ಹಾಕುವಾಗ ಹೀಟ್‌ಸಿಂಕ್ ಮೇಲಿನ ಹಳೇ ಪೇಸ್ಟ್ ಒರೆಸಿ ತೆಳ್ಳಗೆ ಹೊಸದು ಸವರದಿದ್ದರೆ ಅದೂ ಸುಡುತ್ತದೆ.

ಪ್ರಶ್ನೆ: ಹಾರ್ಡ್ ಸ್ಟಾರ್ಟ್ ಕಿಟ್ ಹಾಕಿದರೆ ಹಳೆಯ ಕಂಪ್ರೆಸರ್ ಎದ್ದೇಳುತ್ತದಂತೆ?

ಉತ್ತರ: ಏಳುವುದುಂಟು. ಅದು ಆರಂಭದ ಕ್ಷಣಕ್ಕೆ ಇನ್ನೊಂದು ದೊಡ್ಡ ಕೆಪಾಸಿಟರನ್ನು ಸೇರಿಸಿ, ಮೋಟರ್ ವೇಗ ಹಿಡಿದ ಕೂಡಲೇ ರಿಲೇ ಮೂಲಕ ಬಿಡಿಸುತ್ತದೆ. ಸೆಕೆಂಡಿಗಿಂತ ಕಡಿಮೆ ಹೊತ್ತು. ರಿಲೇ ಅಂಟಿಕೊಂಡು ಆ ಕೆಪಾಸಿಟರ್ ಉಳಿದುಬಿಟ್ಟರೆ ಸ್ಟಾರ್ಟ್ ವೈಂಡಿಂಗ್ ನಿಮಿಷಗಳಲ್ಲಿ ಹೋಗುತ್ತದೆ. ರನ್ ಕೆಪಾಸಿಟರ್, ವೋಲ್ಟೇಜ್, ಲಗ್ ಎಲ್ಲ ಸರಿಯಿದ್ದೂ ಹಳೆಯ ಯಂತ್ರ ಏಳಲು ತಿಣುಕಿದರೆ ಮಾತ್ರ ಹಾಕಿಸಿ. ಇನ್ವರ್ಟರಿಗೆ ಇದು ಸಲ್ಲದು.

ಪ್ರಶ್ನೆ: ಮೂರು ಫೇಸಿನ ದೊಡ್ಡ ಯೂನಿಟ್, ಸ್ಕ್ರೋಲ್ ಕಂಪ್ರೆಸರ್. ವಿದ್ಯುತ್ ಲೈನಿನ ಕೆಲಸವಾದ ಮೇಲೆ ಕಾಂಟ್ಯಾಕ್ಟರ್ ಎಳೆಯುತ್ತಲೇ ಇಲ್ಲ.

ಉತ್ತರ: ಫೇಸ್ ಕ್ರಮ ತಿರುಗಿದೆ, ಕಾವಲು ರಿಲೇ ತಡೆಯುತ್ತಿದೆ. ಒಳಬರುವ ಮೂರರಲ್ಲಿ ಯಾವುದಾದರೂ ಎರಡು ವೈರ್ ಅದಲು ಬದಲು ಮಾಡಿಸಿ. ಆ ರಿಲೇಯನ್ನು ಬೈಪಾಸ್ ಮಾಡಬೇಡಿ. ಸ್ಕ್ರೋಲ್ ಹಿಮ್ಮುಖ ತಿರುಗಿದರೆ ಕರಕರ ಸದ್ದು ಮಾಡುತ್ತದೆ, ಗ್ಯಾಸ್ ಒತ್ತುವುದಿಲ್ಲ. ಬಹಳ ದಿನ ಕರೆಂಟ್ ಇರಲಿಲ್ಲವಾದರೆ ಕ್ರ್ಯಾಂಕ್‌ಕೇಸ್ ಹೀಟರನ್ನು 12ರಿಂದ 24 ಗಂಟೆ ಮೊದಲೇ ಹಚ್ಚಿಟ್ಟು ಆಮೇಲೆ ಸ್ಟಾರ್ಟ್ ಮಾಡಿ.

ಪ್ರಶ್ನೆ: ಕಾರಿನ ಎಸಿ. ಬೆಳಿಗ್ಗೆ ಕ್ಲಚ್ ಕೂಡುತ್ತದೆ, ಎಂಜಿನ್ ಕಾದ ಮೇಲೆ ಕೂಡುವುದಿಲ್ಲ.

ಉತ್ತರ: ಕ್ಲಚ್ ತಟ್ಟೆಯ ನಡುವಿನ ಅಂತರ ಸವೆದು ಹೆಚ್ಚಾಗಿದೆ. ಎಂಜಿನ್ ಆಫ್ ಮಾಡಿ ಫೀಲರ್ ಗೇಜ್ ತೂರಿಸಿ, ಹೆಚ್ಚಿನವಕ್ಕೆ 0.3ರಿಂದ 0.6 ಮಿಲಿಮೀಟರ್ ಸರಿ. ಕಾದ ಕಾಯಿಲಿನ ಓಮ್ ಏರುತ್ತದೆ, ಕರೆಂಟ್ ತಗ್ಗುತ್ತದೆ, ಹೆಚ್ಚಿದ ಅಂತರವನ್ನು ದಾಟಿ ಎಳೆಯಲು ಕಾಂತಕ್ಕೆ ಆಗುವುದಿಲ್ಲ. ತಟ್ಟೆಯ ಹಿಂದಿನ ಶಿಮ್ (ತೆಳು ಬಿಲ್ಲೆ) ಒಂದನ್ನು ತೆಗೆದರೆ ಬಹಳಷ್ಟು ಸಲ ಸರಿಹೋಗುತ್ತದೆ. ತಣ್ಣಗಿದ್ದಾಗ ಕಾಯಿಲ್ 3ರಿಂದ 5 ಓಮ್ ಇರಬೇಕು. ಕ್ಲಚ್‌ಗೆ 12 ವೋಲ್ಟೇ ಬರದಿದ್ದರೆ ಅದೇ ನಮೂನೆಯ ಬೇರೊಂದು ರಿಲೇ ಹಾಕಿ ನೋಡಿ, ನಂತರ ಗ್ಯಾಸ್ ಒತ್ತಡ. ಆರ್-134ಎ ಇದ್ದರೆ 30 ಡಿಗ್ರಿಯಲ್ಲಿ ನಿಂತಾಗ ಸುಮಾರು 97 ಪಿಎಸ್‌ಐ ಬರಬೇಕು. 30ಕ್ಕಿಂತ ಕೆಳಗಿದ್ದರೆ ಪ್ರೆಷರ್ ಸ್ವಿಚ್ ಬೇಕೆಂದೇ ತಡೆದಿದೆ. ಆ ಸ್ವಿಚ್‌ಗೆ ವೈರ್ ಅಡ್ಡ ಹಾಕಿ ಓಡಿಸಬೇಡಿ. ಎಣ್ಣೆ ಗ್ಯಾಸಿನ ಜೊತೆಯೇ ಸುತ್ತುವುದರಿಂದ ಗ್ಯಾಸಿಲ್ಲದ ಕಂಪ್ರೆಸರ್ ಒಣಗಿ ಜಾಮ್ ಆಗುತ್ತದೆ.

ಪ್ರಶ್ನೆ: ಎಲ್ಲ ಅಳೆದಾಯಿತು, ಕಂಪ್ರೆಸರ್ ನಿಜವಾಗಿಯೂ ಸುಟ್ಟಿದೆ. ಬದಲಿಸುವಾಗ ಏನು ಗಮನಿಸಲಿ?

ಉತ್ತರ: ಹಳೆಯದರ ಎಣ್ಣೆಯನ್ನು ಬಿಳಿ ಬಟ್ಟೆಯ ಮೇಲೆ ಒಂದು ಹನಿ ಹಾಕಿಸಿ ನೋಡಿ, ಬರಿಗೈಯಲ್ಲಿ ಮುಟ್ಟಬೇಡಿ. ಕಪ್ಪಾಗಿ ಘಾಟು ವಾಸನೆಯಿದ್ದರೆ ಆಮ್ಲ ಪೈಪಿನ ತುಂಬ ಹರಡಿದೆ. ಪೈಪ್‌ಗಳನ್ನು ತೊಳೆದು, ನೈಟ್ರೋಜನ್ ಊದಿ, ಹೊಸ ಫಿಲ್ಟರ್ ಡ್ರೈಯರ್ ಹಾಕದೆ ಹೊಸ ಕಂಪ್ರೆಸರ್ ಕೂರಿಸಿದರೆ ಆ ಆಮ್ಲ ಅದರ ವೈಂಡಿಂಗನ್ನೂ ತಿನ್ನುತ್ತದೆ. ಕೆಪಾಸಿಟರ್, ಲಗ್‌ಗಳು ಹೊಸದೇ ಇರಲಿ, ಹಳೆಯದನ್ನು ಸುಟ್ಟದ್ದು ಅವೇ ಇರಬಹುದು. ಬೆಸುಗೆಯ ಹೊತ್ತಿಗೂ ಪೈಪಿನಲ್ಲಿ ನೈಟ್ರೋಜನ್ ಸಣ್ಣಗೆ ಹರಿಯುತ್ತಿರಬೇಕು, ಇಲ್ಲದಿದ್ದರೆ ಒಳಗೆ ಕರಿ ಹೊಪ್ಪಳೆ ಏಳುತ್ತದೆ. ವ್ಯಾಕ್ಯೂಮ್ ಪಂಪಿನಲ್ಲಿ ಒಳಗಿನ ಒತ್ತಡವನ್ನು 500 ಮೈಕ್ರಾನ್‌ವರೆಗೆ ಇಳಿಸಿ, ಪಂಪ್ ನಿಲ್ಲಿಸಿ, ಗೇಜ್ ಮೇಲೇರದೆ ನಿಲ್ಲುತ್ತದೆಯೇ ನೋಡಬೇಕು. ಗ್ಯಾಸನ್ನು ಹೆಸರಿನ ಫಲಕದಲ್ಲಿರುವಷ್ಟು ಗ್ರಾಮ್ ತೂಗಿಯೇ ತುಂಬಿಸಿ. ಆರ್-410ಎ ಮಿಶ್ರಣವಾದ್ದರಿಂದ ದ್ರವರೂಪದಲ್ಲೇ ತೆಗೆಯಬೇಕು. ವ್ಯಾಕ್ಯೂಮ್‌ನಲ್ಲಿರುವಾಗ ಕಂಪ್ರೆಸರನ್ನು ಒಂದು ಕ್ಷಣವೂ ಹಚ್ಚಬಾರದು, ಮೆಗ್ಗರ್ ಕೂಡ ಹಿಡಿಯಬಾರದು. ಗಾಳಿಯೂ ಗ್ಯಾಸೂ ಇಲ್ಲದ ಆ ಸ್ಥಿತಿಯಲ್ಲಿ ಪಿನ್‌ಗಳ ನಡುವೆ ಕಿಡಿ ಸುಲಭವಾಗಿ ಹಾರಿ, ಹೊಸ ವೈಂಡಿಂಗ್ ಅಲ್ಲೇ ಸುಡುತ್ತದೆ.